ಸ್ವಿಚ್ ಆಫ್ ಮಾಡಿದರೂ ಬಲ್ಬು ಮಿಣುಕುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಹಳ್ಳಿಮನೆ. ವೈರಿಂಗ್ ಹಳೆಯದು, ಮೂವತ್ತು ವರ್ಷದ ಮೇಲಾಗಿದೆ. ಹಿತ್ತಲ ಕಡೆ ಜಗಲಿಯ ದೀಪಕ್ಕೆ ಸ್ವಿಚ್ಚು ಹೊರಗೆ ಬಚ್ಚಲುಮನೆ ಗೋಡೆಯ ಮೇಲಿತ್ತು. ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ ಎಂದು ಹೋದ ತಿಂಗಳು ಅಡುಗೆಮನೆ ಬಾಗಿಲ ಪಕ್ಕ, ಒಳಗಡೆ ಹೊಸ ಸ್ವಿಚ್ ಹಾಕಿಸಿದೆವು. ಪರಿಚಯದ ಹುಡುಗನೇ ಹಾಕಿಕೊಟ್ಟ. ದೀಪ ಸರಿಯಾಗಿ ಹತ್ತುತ್ತದೆ, ಆರುತ್ತದೆ. ಆದರೆ ಆಫ್ ಮಾಡಿದ ಮೇಲೂ ಕತ್ತಲಲ್ಲಿ ನೋಡಿದರೆ ಎಲ್‌ಇಡಿ ಬಲ್ಬು ಮಂಕಾಗಿ ಮಿಣುಕುತ್ತಿರುತ್ತದೆ. ಬೇರೆ ಬಲ್ಬು ಹಾಕಿದರೂ ಹಾಗೇ. ಇದರಿಂದ ತೊಂದರೆ ಇದೆಯಾ? ಅಟ್ಟದ ಮೆಟ್ಟಿಲಿಗೂ ಕೆಳಗೊಂದು ಮೇಲೊಂದು ಸ್ವಿಚ್ ಬೇಕು. ಅದನ್ನು ನಾನೇ ಹಾಕಿಕೊಳ್ಳಬಹುದಾ ಸರ್?

ಉತ್ತರ: ಇನ್ನೊಂದು ಬಲ್ಬಿಗೆ ದುಡ್ಡು ಹಾಕಬೇಡಿ. ಬಲ್ಬು ಕೆಟ್ಟಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಹೊಸ ಸ್ವಿಚ್ಚು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಬಿದ್ದಿರುವ ಸಾಧ್ಯತೆಯೇ ಜಾಸ್ತಿ. ತೊಂದರೆ ಇದೆಯಾ ಎಂದರೆ, ಇದೆ. ಬಲ್ಬಿಗಲ್ಲ, ಬಲ್ಬು ಬದಲಿಸಲು ಸ್ಟೂಲು ಹತ್ತುವವರಿಗೆ. ಅದನ್ನು ಸರಿಪಡಿಸುವ ತನಕ ಆ ಹೋಲ್ಡರನ್ನು ಮುಟ್ಟಲೇಬೇಕಾದರೆ ಮೇನ್ ಆಫ್ ಮಾಡಿ, ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿಯೇ ಮುಟ್ಟಿ.

ದೀಪಕ್ಕೆ ಎರಡು ತಂತಿ ಬೇಕು. ಫೇಸ್‌ನಲ್ಲಿ ನೆಲಕ್ಕೆ ಹೋಲಿಸಿದರೆ 230 ವೋಲ್ಟ್ ಇರುತ್ತದೆ. ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರವೇ ಭೂಮಿಗೆ ಸೇರಿಸಿರುತ್ತಾರೆ, ಹಾಗಾಗಿ ಅದರಲ್ಲಿ ಹೆಚ್ಚುಕಡಿಮೆ ಸೊನ್ನೆ. ಎರಡರಲ್ಲಿ ಯಾವುದನ್ನು ಕಡಿದರೂ ದೀಪ ಆರುತ್ತದೆ. ಎಡವಟ್ಟು ಆಗುವುದೇ ಇಲ್ಲಿ. ಫೇಸ್ ಕಡಿದರೆ ಹೋಲ್ಡರಿನಲ್ಲಿ ಕರೆಂಟ್ ಇರುವುದಿಲ್ಲ. ನ್ಯೂಟ್ರಲ್ ಕಡಿದರೆ ದೀಪ ಆರಿದ್ದರೂ 230 ವೋಲ್ಟ್ ಹೋಲ್ಡರಿನ ತನಕ ಬಂದು ಕೂತಿರುತ್ತದೆ. ಸ್ವಿಚ್ ಒತ್ತಿ ನೋಡಿದವನಿಗೆ ಎರಡೂ ಒಂದೇ ಥರ ಕಾಣುತ್ತದೆ. ಹುಡುಗನೂ ಹತ್ತಿಸಿ, ಆರಿಸಿ, ಆಯ್ತು ಎಂದು ಹೋಗಿರುತ್ತಾನೆ. ಹತ್ತಿತು, ಆರಿತು ಎನ್ನುವುದು ಪರೀಕ್ಷೆಯೇ ಅಲ್ಲ.

ನಮ್ಮ ಮನೆಗಳ ಹೋಲ್ಡರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಬಲ್ಬು ತೆಗೆದರೆ ಒಳಗೆ ಸ್ಪ್ರಿಂಗ್ ಇರುವ ಎರಡು ಹಿತ್ತಾಳೆ ಕಡ್ಡಿ ಕಾಣುತ್ತವೆ, ಬೆರಳಿಗೆ ಆರಾಮಾಗಿ ಸಿಗುವಷ್ಟು ಮುಂದೆ. ಸ್ವಿಚ್ ಆಫ್ ಮಾಡಿದ್ದೇನೆ ಎಂಬ ಧೈರ್ಯದಲ್ಲಿ ಒದ್ದೆ ಜಗಲಿಯ ಮೇಲೆ ಬರಿಗಾಲಲ್ಲಿ ನಿಂತು ಬಲ್ಬು ತಿರುಗಿಸುವಾಗ ಬೆರಳು ಜಾರಿ ಆ ಕಡ್ಡಿಗೆ ತಾಗಿದರೆ ಶಾಕ್ ಹೊಡೆಯುತ್ತದೆ. ಮಲೆನಾಡಿನ ಜೂನ್, ಜುಲೈ ತಿಂಗಳಲ್ಲಿ ನೆಲ, ಗೋಡೆ, ಮೈ ಎಲ್ಲವೂ ತೇವ. ಅದು ಸಣ್ಣ ಶಾಕ್ ಆಗಿರುವುದಿಲ್ಲ.

ಬಲ್ಬು ಮಿಣುಕುವುದು ಯಾಕೆ? ಫೇಸ್ ಬಲ್ಬಿನ ತನಕ ಬಂದು ನಿಂತಿದೆ. ವಾಪಸು ಹೋಗಲು ನೇರ ದಾರಿ ಇಲ್ಲ. ಆದರೆ ಹಳೆಯ ತಂತಿಯ ಹೊದಿಕೆ, ತೇವ ಗೋಡೆ, ಅಕ್ಕಪಕ್ಕ ಓಡುವ ತಂತಿಗಳು ಇವೆಲ್ಲ ಸೇರಿ ಮೈಕ್ರೋ ಆಂಪಿಯರ್ ಲೆಕ್ಕದಲ್ಲಿ ಚೂರು ಕರೆಂಟ್ ಸೋರುತ್ತಲೇ ಇರುತ್ತದೆ. ಎಲ್‌ಇಡಿ ಬಲ್ಬಿನೊಳಗೆ ಒಂದು ಕೆಪಾಸಿಟರ್ ಇದೆ. ಸೋರಿದ್ದು ಅದರಲ್ಲಿ ಸೇರುತ್ತಾ ಹೋಗುತ್ತದೆ, ತುಂಬಿದಾಗ ಬಲ್ಬು ಒಮ್ಮೆ ಮಿನುಗುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಮಿನುಗುತ್ತದೆ. ಕೆಲವು ಬಲ್ಬಿನಲ್ಲಿ ಒಂದೇ ಸಮ ಮಂಕು ಬೆಳಕು ಇರುತ್ತದೆ. ಹಿಂದೆ 60 ವ್ಯಾಟಿನ ತಂತಿ ಬಲ್ಬು ಇತ್ತಲ್ಲ, ಅದು ಉರಿಯಲು ಕಾಲು ಆಂಪಿಯರ್‌ಗಿಂತ ಸ್ವಲ್ಪ ಜಾಸ್ತಿ ಬೇಕಿತ್ತು. ಈ ಸೋರಿಕೆ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಹಾಗಾಗಿ ಇದೇ ತಪ್ಪು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇತ್ತು. ಎಲ್‌ಇಡಿ ಬಂದ ಮೇಲೆ ಚಾಡಿ ಹೇಳಲು ಶುರು ಮಾಡಿದೆ. ಒಳ್ಳೆಯದೇ ಆಯಿತು ಅನ್ನಿ.

ಇದೊಂದೇ ಕಾರಣ ಎಂದು ಕಣ್ಣುಮುಚ್ಚಿ ಹೇಳಲಾರೆ. ಸ್ವಿಚ್ಚಿನ ಮೇಲೆ ಪುಟ್ಟ ಕೆಂಪು ಇಂಡಿಕೇಟರ್ ದೀಪ ಇದೆಯಾ ನೋಡಿ. ಇದ್ದರೆ, ಸ್ವಿಚ್ ಆಫ್ ಇದ್ದಾಗ ಆ ದೀಪದ ಕರೆಂಟ್ ಬಲ್ಬಿನ ಮೂಲಕವೇ ಹೋಗುತ್ತಿರಬಹುದು. ಅಷ್ಟು ಸಾಕು ಮಿಣುಕಲು. ಅಂಥದ್ದಾದರೆ ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿದರೆ ಮುಗಿಯಿತು. ಇನ್ನೊಂದು, ತಂತಿ ತುಂಬ ದೂರ ಹೋಗಿದ್ದು ಅದರ ಜೊತೆಯಲ್ಲೇ ಬೇರೆ ಫೇಸ್ ತಂತಿ ಓಡಿದ್ದರೆ, ವೈರಿಂಗ್ ಸರಿ ಇದ್ದರೂ ಮಿಣುಕಬಹುದು. ನಿಮ್ಮ ಅಡುಗೆಮನೆಯಿಂದ ಜಗಲಿಗೆ ಅಷ್ಟು ದೂರ ಇರಲಿಕ್ಕಿಲ್ಲ. ಬಲ್ಬಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕಿಬಿಡಿ, ಮಿಣುಕು ನಿಲ್ಲುತ್ತದೆ ಎಂದು ಯಾರಾದರೂ ಹೇಳುತ್ತಾರೆ. ನಿಲ್ಲುತ್ತದೆ, ನಿಜ. ಆದರೆ ಸ್ವಿಚ್ಚು ನ್ಯೂಟ್ರಲ್‌ನಲ್ಲಿದ್ದರೆ ಹೋಲ್ಡರಿನಲ್ಲಿ ಫೇಸ್ ಹಾಗೇ ಇರುತ್ತದೆ, ನಿಮಗೆ ಸಿಗುತ್ತಿದ್ದ ಸುಳಿವೂ ಹೋಗುತ್ತದೆ. ಮೊದಲು ಸ್ವಿಚ್ಚು ಯಾವ ತಂತಿಯಲ್ಲಿದೆ ಎಂದು ಗೊತ್ತಾಗಲಿ.

ಗೊತ್ತು ಮಾಡಿಕೊಳ್ಳಲು ಒಂದು ಟೆಸ್ಟರ್ ಸಾಕು. ಮೊದಲು ಆ ಟೆಸ್ಟರನ್ನೇ ನಂಬಬೇಡಿ. ಕರೆಂಟ್ ಇದೆ ಎಂದು ಖಾತ್ರಿ ಇರುವ ಪ್ಲಗ್ ಪಾಯಿಂಟಿನಲ್ಲಿ ಇಟ್ಟು ಉರಿಯುತ್ತದಾ ನೋಡಿ. ಮೂರು ಪಿನ್ನಿನ ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಮನೆಯ ಎಲ್ಲ ಪಾಯಿಂಟಿನಲ್ಲೂ ಎಡಗಡೆ ಉರಿದು ಬಲಗಡೆ ಉರಿಯದಿದ್ದರೆ ಕಥೆ ಬೇರೆ. ಕಂಬದಿಂದ ಬರುವ ಸರ್ವಿಸ್ ವೈರಿನಲ್ಲೋ ಮೀಟರ್ ಹತ್ತಿರವೋ ಫೇಸ್ ನ್ಯೂಟ್ರಲ್ ಅದಲು ಬದಲಾಗಿದೆ, ಇಡೀ ಮನೆಯ ಸ್ವಿಚ್ಚುಗಳೆಲ್ಲ ನ್ಯೂಟ್ರಲ್ ಕಡಿಯುತ್ತಿವೆ ಎಂದರ್ಥ. ಆಗ ನೀವು ಏನನ್ನೂ ಬಿಚ್ಚಬೇಡಿ, ಮೆಸ್ಕಾಂನ ಲೈನ್‌ಮನ್‌ಗೆ ಹೇಳಿ. ಮೀಟರಿನಿಂದ ಆಚೆಗಿನದು ಅವರ ಕೆಲಸ.

ಪ್ಲಗ್ ಪಾಯಿಂಟ್ ಸರಿ ಇದೆ ಎಂದಾದರೆ ಜಗಲಿಗೆ ಬನ್ನಿ. ಹಗಲು ಹೊತ್ತು ನೋಡಿ, ಒಣ ಚಪ್ಪಲಿ ಇರಲಿ, ಒಣ ಮರದ ಸ್ಟೂಲು ಇರಲಿ. ದೀಪದ ಸ್ವಿಚ್ ಆಫ್ ಮಾಡಿ, ಮೇನ್ ಕೂಡ ಆಫ್ ಮಾಡಿ, ಬಲ್ಬು ತೆಗೆಯಿರಿ. ಆಮೇಲೆ ಮೇನ್ ಮಾತ್ರ ಆನ್ ಮಾಡಿಸಿ, ದೀಪದ ಸ್ವಿಚ್ಚು ಆಫ್‌ನಲ್ಲೇ ಇರಲಿ. ಈಗ ಎರಡು ಕಡ್ಡಿಗೂ ಒಂದಾದ ಮೇಲೊಂದು ಟೆಸ್ಟರ್ ಮುಟ್ಟಿಸಿ. ತುದಿ ಎರಡು ಕಡ್ಡಿಗೂ ಒಟ್ಟಿಗೆ ತಾಗಬಾರದು, ತಾಗಿದರೆ ಕಿಡಿ ಹಾರುತ್ತದೆ. ಒಂದು ಕಡ್ಡಿಯಲ್ಲಿ ಚೆನ್ನಾಗಿ ಉರಿದರೆ ನನ್ನ ಅನುಮಾನ ನಿಜ. ಎರಡರಲ್ಲೂ ಉರಿಯದಿದ್ದರೆ, ಅಥವಾ ಕಂಡೂ ಕಾಣದಷ್ಟು ಮಂಕಾಗಿದ್ದರೆ, ಫೇಸ್ ಕಡಿದಿದೆ. ಆದರೆ ಒಣ ಮರದ ಸ್ಟೂಲಿನ ಮೇಲೆ ನಿಂತಾಗ ಟೆಸ್ಟರ್ ಸ್ವಲ್ಪ ಮಂಕಾಗಿಯೇ ಉರಿಯುತ್ತದೆ ಎಂಬುದು ನೆನಪಿರಲಿ. ಅನುಮಾನ ಬಂದರೆ ದೀಪದ ಸ್ವಿಚ್ ಆನ್ ಮಾಡಿಸಿ ಅದೇ ಜಾಗದಲ್ಲಿ ಇನ್ನೊಮ್ಮೆ ನೋಡಿ, ಎರಡು ಬೆಳಕನ್ನು ಹೋಲಿಸಿ. ಇಷ್ಟು ಮಾಡಲು ಕೈ ನಡುಗುತ್ತದೆ ಎಂದರೆ ಬಿಟ್ಟುಬಿಡಿ, ಎಲೆಕ್ಟ್ರಿಷಿಯನ್‌ಗೆ ಎರಡು ನಿಮಿಷದ ಕೆಲಸ.

ಇದು ಹೇಗೆ ಆಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಬಚ್ಚಲ ಗೋಡೆಯ ಹಳೆಯ ಸ್ವಿಚ್ಚಿನಲ್ಲಿ ಎರಡು ತಂತಿ ಇದ್ದವು. ಫೇಸ್ ಬರುವುದು ಒಂದು, ದೀಪಕ್ಕೆ ಹೋಗುವುದು ಇನ್ನೊಂದು. ಸ್ವಿಚ್ ತೆಗೆದು ಅವೆರಡನ್ನೂ ಸೇರಿಸಿ ಟೇಪ್ ಸುತ್ತಿರುತ್ತಾನೆ. ಅಲ್ಲಿಗೆ ದೀಪಕ್ಕೆ ಯಾವಾಗಲೂ ಫೇಸ್. ಆಮೇಲೆ ಅಡುಗೆಮನೆ ಬಾಗಿಲ ಹತ್ತಿರ ಹಾದುಹೋಗುವ ಕಪ್ಪು ತಂತಿಯನ್ನು, ಅಂದರೆ ನ್ಯೂಟ್ರಲ್ಲನ್ನು, ಕತ್ತರಿಸಿ ಎರಡು ತುದಿಯನ್ನೂ ಹೊಸ ಸ್ವಿಚ್ಚಿಗೆ ಕೊಟ್ಟಿರುತ್ತಾನೆ. ಹೊಸ ತಂತಿ ಎಳೆಯುವ ಗೋಜೇ ಇಲ್ಲ, ಅರ್ಧ ಗಂಟೆಯ ಕೆಲಸ. ಈಗ ನನಗೆ ಹೋಲ್ಡರಿಗಿಂತ ಜಾಸ್ತಿ ಯೋಚನೆ ಆಗುತ್ತಿರುವುದು ಆ ಹಳೆಯ ಬಾಕ್ಸಿನದು. ಹಗಲೂ ರಾತ್ರಿ ಫೇಸ್ ಇರುವ ಒಂದು ಜೋಡಣೆ, ಬರೀ ಟೇಪ್ ಸುತ್ತಿದ್ದು, ಎರಚಲು ಹೊಡೆಯುವ ಗೋಡೆಯಲ್ಲಿ ಉಳಿದಿರಬಹುದು. ಟೇಪಿನ ಅಂಟು ಒಂದೆರಡು ಮಳೆಗಾಲಕ್ಕೆ ಬಿಟ್ಟುಕೊಳ್ಳುತ್ತದೆ. ಸ್ವಿಚ್ ಒಳಗೆ ತಂದಿದ್ದೇ ನೀರಿನ ಹೆದರಿಕೆಗೆ ಅಲ್ವಾ? ಹೆದರಿಕೆ ಹುಟ್ಟಿಸಿದ್ದೇ ಅಲ್ಲಿ ಉಳಿದಂತಾಯಿತು. ಮೇನ್ ಆಫ್ ಮಾಡಿಸಿ ಅದನ್ನು ತೆರೆಸಿ ನೋಡಿ. ಬಚ್ಚಲ ಗೋಡೆಗೆ ಹೋಗುವ ಫೇಸ್ ಬೇರೆ ಯಾವುದಕ್ಕೂ ಬೇಡವಾದರೆ ಅದು ಹೊರಡುವ ಜಾಗದಲ್ಲೇ ಬಿಚ್ಚಿಹಾಕಿಸಿ.

ಸರಿಯಾದ ಕ್ರಮ ಹೀಗೆ. ಫೇಸ್ ಅಡುಗೆಮನೆಯ ಬೋರ್ಡಿನಿಂದ ಹೊಸ ಸ್ವಿಚ್ಚಿಗೆ ಬರಬೇಕು. ಸ್ವಿಚ್ಚಿನ ಇನ್ನೊಂದು ತುದಿಯಿಂದ ಹೊಸ ತಂತಿ ನೇರ ದೀಪಕ್ಕೆ ಹೋಗಬೇಕು. ನ್ಯೂಟ್ರಲ್ ಎಲ್ಲೂ ತುಂಡಾಗದೆ ದೀಪಕ್ಕೆ ಹೋಗಬೇಕು. ಇದು ನನ್ನ ಸ್ವಂತ ಹಟವೇನಲ್ಲ. ನ್ಯೂಟ್ರಲ್ ಒಂದನ್ನೇ ಕಡಿಯುವ ಸ್ವಿಚ್ಚಾಗಲಿ ಫ್ಯೂಸಾಗಲಿ ಹಾಕಕೂಡದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಕಡಿಯುವುದಾದರೆ ಫೇಸ್ ಜೊತೆಗೇ ಒಟ್ಟಿಗೆ ಕಡಿಯಬೇಕು, ಮೇನ್ ಸ್ವಿಚ್ ಮಾಡುವ ಹಾಗೆ. ಹಳೆಯ ಮನೆಗಳಲ್ಲಿ ಮೀಟರ್ ಬೋರ್ಡಿನ ಮೇಲೆ ಪಿಂಗಾಣಿ ಫ್ಯೂಸು ಎರಡೆರಡು ಇರುತ್ತವಲ್ಲ, ಒಂದು ಫೇಸಿಗೆ, ಒಂದು ನ್ಯೂಟ್ರಲ್ಲಿಗೆ. ಅದೂ ಇದೇ ಜಾತಿಯ ತಪ್ಪು. ನ್ಯೂಟ್ರಲ್ ಫ್ಯೂಸ್ ಹೋದರೆ ಮನೆಯಲ್ಲಿ ದೀಪ ಇಲ್ಲ, ಆದರೆ ತಂತಿಯಲ್ಲೆಲ್ಲ ಕರೆಂಟ್ ಇದೆ. ನಿಮ್ಮಲ್ಲೂ ಹಾಗಿದ್ದರೆ ಈ ನೆಪದಲ್ಲಿ ಅದನ್ನೂ ತೆಗೆಸಿ, ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿಸಿ.

ಇನ್ನೊಂದು ಎಚ್ಚರಿಕೆ. ಹೊಸ ಸ್ವಿಚ್ಚಿಗೆ ಫೇಸ್ ಒಂದು ಸರ್ಕ್ಯೂಟಿನಿಂದ, ದೀಪಕ್ಕೆ ನ್ಯೂಟ್ರಲ್ ಇನ್ನೊಂದು ಸರ್ಕ್ಯೂಟಿನಿಂದ ತೆಗೆದುಕೊಳ್ಳಕೂಡದು. ಮುಂದೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಹಾಕಿಸಿದಾಗ, ಈ ಎರಡು ಸರ್ಕ್ಯೂಟುಗಳಲ್ಲಿ ಒಂದು ಮಾತ್ರ ಅದರೊಳಗೆ ಬಂದರೆ, ದೀಪ ಹಾಕಿದ ತಕ್ಷಣ ಅದು ಬೀಳುತ್ತದೆ. ಹೋದ ಕರೆಂಟಿನಷ್ಟೇ ವಾಪಸು ಬಂತಾ ಎಂದು ನೋಡುವುದೇ ಅದರ ಕೆಲಸ. ಮನೆಗೆ ಹಾಕುವುದು 30 ಮಿಲಿ ಆಂಪಿಯರ್‌ನದು, ಅಂದರೆ ಅಷ್ಟು ವ್ಯತ್ಯಾಸ ಕಂಡರೂ ಸಾಕು, ಕಡಿದುಬಿಡುತ್ತದೆ. ಆರ್‌ಸಿಸಿಬಿ ಸುಮ್ನೆ ಸುಮ್ನೆ ಬೀಳುತ್ತದೆ ಎಂದು ತೆಗೆಸಿಹಾಕಿದ ಮನೆಗಳಿವೆ. ಸುಮ್ನೆ ಬೀಳುವುದಿಲ್ಲ, ಇಂಥ ಅಡ್ಡದಾರಿಯ ಜೋಡಣೆಯೋ ಸೋರಿಕೆಯೋ ಎಲ್ಲೋ ಇರುತ್ತದೆ.

ಮನೆಯಲ್ಲಿ ಯುಪಿಎಸ್ ಇದೆಯಾ? ನೀವು ಬರೆದಿಲ್ಲ. ಇದ್ದರೆ ಈ ಮಾತನ್ನು ಗಟ್ಟಿಯಾಗಿ ನೆನಪಿಡಿ: ಮೇನ್ ಆಫ್ ಮಾಡಿದ ತಕ್ಷಣ ಯುಪಿಎಸ್ ಶುರುವಾಗುತ್ತದೆ. ಅದರ ಲೈನಿನಲ್ಲಿರುವ ದೀಪಗಳಿಗೆ ಅದೇ 230 ವೋಲ್ಟ್ ಬ್ಯಾಟರಿಯಿಂದ ಬರುತ್ತದೆ. ಒಂದೇ ಬೋರ್ಡಿನಲ್ಲಿ ನಾಲ್ಕು ಸ್ವಿಚ್ಚು ಮೆಸ್ಕಾಂ ಲೈನಿನದು, ಎರಡು ಯುಪಿಎಸ್ ಲೈನಿನದು ಇರುವುದು ಮಾಮೂಲು. ಹಾಗಾಗಿ ಮೇನ್ ಆಫ್, ಯುಪಿಎಸ್ ಆಫ್, ಆಮೇಲೆ ಟೆಸ್ಟರಿನಲ್ಲಿ ಎಲ್ಲ ತಂತಿ ನೋಡಿ, ಆಮೇಲೇ ಕೈ ಹಾಕಬೇಕು.

ಸಾಮಾನಿನ ವಿಷಯ ಬೇಗ ಹೇಳಿಬಿಡುತ್ತೇನೆ. ತಂತಿ ಐಎಸ್‌ಐ ಗುರುತಿನದು, ತಾಮ್ರದ್ದು, 1.5 ಚದರ ಮಿ.ಮೀ. ಅಂಗಡಿಯಲ್ಲಿ ಒಂದೂವರೆ ಸ್ಕ್ವೇರ್ ಎಂದರೆ ಕೊಡುತ್ತಾರೆ. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್ಲಿಗೆ ಕಪ್ಪು, ಅರ್ತಿಗೆ ಹಸಿರು. ಹಳೆಯ ವೈರಿಂಗಿನಲ್ಲಿ ಈ ಬಣ್ಣ ನಂಬಬೇಡಿ, ಎಲ್ಲಕ್ಕೂ ಕಪ್ಪೇ ಎಳೆದಿರುತ್ತಾರೆ. ದೀಪಕ್ಕೆ 6 ಆಂಪಿಯರ್ ಸ್ವಿಚ್ಚು ಧಾರಾಳ. 16 ಆಂಪಿಯರ್‌ನದು ಗೀಸರಿಗೆ, ಜಗಲಿ ದೀಪಕ್ಕೆ ಬೇಡ. ಎತ್ತರ ನೆಲದಿಂದ ಸುಮಾರು 1.3 ಮೀಟರ್ ಇದ್ದರೆ ಮಕ್ಕಳಿಗೂ ಅಜ್ಜಿಗೂ ಕೈಗೆಟಕುತ್ತದೆ. ನಿಮ್ಮ ಹಳೆಯ ತಂತಿ ಅಲ್ಯೂಮಿನಿಯಂ ಆಗಿದ್ದರೆ, ಅದಕ್ಕೆ ತಾಮ್ರವನ್ನು ಸುಮ್ನೆ ಹೊಸೆದು ಟೇಪ್ ಸುತ್ತಬೇಡಿ. ತೇವದಲ್ಲಿ ಆ ಜೋಡಣೆ ಸವೆದು ಸಡಿಲವಾಗಿ ಬಿಸಿಯಾಗುತ್ತದೆ. ಆ ದಾರಿಯ ತಂತಿಯನ್ನೇ ಪೂರ್ತಿ ಬದಲಿಸಿ.

ಸ್ವಿಚ್ಚಿಗೆ ತಂತಿ ಕೊಡುವ ಕೆಲಸದಲ್ಲಿ ನಾನು ನೋಡುವುದು ಒಂದೇ ಜಾಗ, ಸ್ಕ್ರೂ ಕೂರುವ ಜಾಗ. ಹೊದಿಕೆ ಒಂದು ಸೆಂಟಿಮೀಟರಿನಷ್ಟು ಸುಲಿದಿರಬೇಕು. ಎಳೆಗಳನ್ನು ಹೊಸೆದು, ತಂತಿ ಸಣ್ಣದಾದರೆ ಮಡಚಿ, ತೂತಿನೊಳಗೆ ಪೂರ್ತಿ ತಳ್ಳಬೇಕು. ಸ್ಕ್ರೂ ಕೂತಿರಬೇಕಾದ್ದು ತಾಮ್ರದ ಮೇಲೆ, ಪ್ಲಾಸ್ಟಿಕ್ ಹೊದಿಕೆಯ ಮೇಲಲ್ಲ. ಹೊದಿಕೆಯ ಮೇಲೆ ಕೂತರೂ ಮೊದಮೊದಲು ದೀಪ ಹತ್ತುತ್ತದೆ, ಆಮೇಲೆ ಚಟಚಟ ಸದ್ದು, ಸ್ವಿಚ್ಚಿನ ಬೆನ್ನು ಕಂದು ಬಣ್ಣ. ಒಂದು ಎಳೆಯೂ ಹೊರಗೆ ಚಾಚಿರಬಾರದು, ಬಾಕ್ಸ್ ಕಬ್ಬಿಣದ್ದಾದರಂತೂ ಅರ್ತ್ ತಂತಿ ಅದಕ್ಕೆ ಸೇರಿರಲೇಬೇಕು. ಬಿಗಿ ಮಾಡಿದ ಮೇಲೆ ತಂತಿಯನ್ನು ಒಮ್ಮೆ ಎಳೆದು ನೋಡಿ. ಬಾಕ್ಸಿನ ಪೈಪಿನ ಬಾಯಿಯನ್ನೂ ಮುಚ್ಚಿಸಿ. ನಿಮ್ಮ ಕಡೆ ಇರುವೆ, ಹಲ್ಲಿಗಳಿಗೆ ಸ್ವಿಚ್ ಬಾಕ್ಸೆಂದರೆ ಮಳೆಗಾಲದ ಮನೆ. ಸ್ವಿಚ್ ಒಳಗಿನ ಸಂಪರ್ಕದ ನಡುವೆ ಇರುವೆ ಸಿಕ್ಕಿ ಸುಟ್ಟು ಕರಿಯಾಗಿರುವುದು ಎಲೆಕ್ಟ್ರಿಷಿಯನ್‌ಗಳಿಗೆ ದಿನನಿತ್ಯದ ನೋಟ.

ಈಗ ಅಟ್ಟದ ಮೆಟ್ಟಿಲಿಗೆ ಬರೋಣ. ಅದಕ್ಕೆ ಬೇಕಾದ್ದು ಟೂ ವೇ ಸ್ವಿಚ್ಚು, ಎರಡು. ಮುಂದಿನಿಂದ ನೋಡಿದರೆ ಮಾಮೂಲಿ ಸ್ವಿಚ್ಚಿನ ಹಾಗೇ ಇರುತ್ತದೆ. ಹಿಂದೆ ತಿರುಗಿಸಿ ನೋಡಿ, ತಂತಿ ಕೊಡುವ ಜಾಗ ಎರಡರ ಬದಲು ಮೂರಿರುತ್ತದೆ. ಸಾಮಾನ್ಯವಾಗಿ ನಡುವಿನದು ಕಾಮನ್. ಕೆಳಗಿನ ಸ್ವಿಚ್ಚಿನ ಕಾಮನ್‌ಗೆ ಫೇಸ್. ಮೇಲಿನ ಸ್ವಿಚ್ಚಿನ ಕಾಮನ್‌ನಿಂದ ದೀಪಕ್ಕೆ. ಉಳಿದ ಎರಡೆರಡು ತುದಿಗಳ ನಡುವೆ ಕೆಳಗಿನಿಂದ ಮೇಲಕ್ಕೆ ಎರಡು ತಂತಿ. ನ್ಯೂಟ್ರಲ್ ಯಾವ ಸ್ವಿಚ್ಚಿಗೂ ಹೋಗದೆ ನೇರ ದೀಪಕ್ಕೆ. ಎರಡು ಸ್ವಿಚ್ಚೂ ಒಂದೇ ತಂತಿಯ ಕಡೆ ತಿರುಗಿದಾಗ ದೀಪ ಹತ್ತುತ್ತದೆ, ಬೇರೆ ಬೇರೆ ಕಡೆ ತಿರುಗಿದಾಗ ಆರುತ್ತದೆ. ಹಾಗಾಗಿ ಇಲ್ಲಿ ಕೆಳಗೊತ್ತಿದರೆ ಆನ್ ಎಂಬ ನಮ್ಮ ಲೆಕ್ಕ ನಡೆಯುವುದಿಲ್ಲ. ಅದು ತಪ್ಪಲ್ಲ, ಅದರ ಗುಣವೇ ಅದು.

ತಂತಿ ಉಳಿಸಲು ಇನ್ನೊಂದು ದಾರಿ ಇದೆ. ಎರಡು ಬೋರ್ಡಿನಲ್ಲೂ ಹೇಗೂ ಫೇಸ್ ನ್ಯೂಟ್ರಲ್ ಇದೆಯಲ್ಲ ಎಂದು, ಪ್ರತಿ ಸ್ವಿಚ್ಚಿನ ಒಂದು ತುದಿಗೆ ಫೇಸ್, ಇನ್ನೊಂದು ತುದಿಗೆ ನ್ಯೂಟ್ರಲ್ ಕೊಟ್ಟು, ಎರಡು ಕಾಮನ್‌ಗಳ ನಡುವೆ ದೀಪ ಹಾಕುತ್ತಾರೆ. ದೀಪ ಚೆನ್ನಾಗಿಯೇ ಹತ್ತುತ್ತದೆ, ಎರಡೂ ಕಡೆಯಿಂದ ಆರುತ್ತದೆ. ಆದರೆ ಆರಿದಾಗ ಕೆಲವು ಸಲ ಬಲ್ಬಿನ ಎರಡೂ ಕಡ್ಡಿಗಳಲ್ಲಿ ನ್ಯೂಟ್ರಲ್, ಕೆಲವು ಸಲ ಎರಡರಲ್ಲೂ ಫೇಸ್! ಈಗ ಜಗಲಿಯಲ್ಲಿ ಆಗಿರುವುದರ ಎರಡು ಪಟ್ಟು. ಸಾಲದ್ದಕ್ಕೆ ಬೆರಳಿನಗಲದ ಒಂದು ಸ್ವಿಚ್ಚಿನೊಳಗೆ ಫೇಸ್ ನ್ಯೂಟ್ರಲ್ ಎದುರುಬದುರು ಕೂತಿರುತ್ತವೆ. ಸ್ವಿಚ್ ಹಳತಾಗಿ ಒಳಗಡೆ ಸಡಿಲವಾದರೆ ಶಾರ್ಟ್ ಆಗುತ್ತದೆ. ಯಾರಾದರೂ ಒಂದೇ ತಂತಿ ಮೇಲಕ್ಕೆ ಸಾಕು ಸರ್ ಎಂದರೆ ಬೇಡ ಎನ್ನಿ.

ನೀವೇ ಹಾಕಿಕೊಳ್ಳಬಹುದಾ ಎಂದು ಕೇಳಿದ್ದೀರಿ. ಕೆಟ್ಟ ಸ್ವಿಚ್ ತೆಗೆದು ಅಂಥದ್ದೇ ಇನ್ನೊಂದು ಹಾಕುವುದು, ಬಲ್ಬು, ಫ್ಯಾನು, ಫ್ಯೂಸು ಬದಲಿಸುವುದು, ಇವನ್ನು ಮನೆಯವರು ಮಾಡಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. ಹೊಸ ತಂತಿ ಎಳೆದು ಹೊಸ ಪಾಯಿಂಟ್ ಮಾಡುವುದು ಮಾತ್ರ ಲೈಸೆನ್ಸ್ ಇರುವ ಗುತ್ತಿಗೆದಾರರ ಕೈಯಲ್ಲಿ ಆಗಬೇಕು. ಕರ್ನಾಟಕದಲ್ಲಿ ಆ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಜಗಲಿಯದ್ದೂ ಮೆಟ್ಟಿಲಿನದ್ದೂ ಈ ಎರಡನೇ ಸಾಲಿಗೆ ಸೇರುತ್ತವೆ. ಎರಡನ್ನೂ ಒಟ್ಟಿಗೆ ಮಾಡಿಸಿ, ಒಂದೇ ದಿನದ ಕೂಲಿಯಲ್ಲಿ ಮುಗಿಯುತ್ತದೆ. ಆ ಹುಡುಗನನ್ನು ಬೈಯಲು ಹೋಗಬೇಡಿ. ಕೆಲಸ ನಡೆಯುವಾಗ ಅವನನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ, ಊರಿನಲ್ಲಿ ಇನ್ನೆಷ್ಟು ಮನೆಗೆ ಸ್ವಿಚ್ ಹಾಕಿದ್ದಾನೋ.

ಕೆಲಸ ಮುಗಿಸಿ ದುಡ್ಡು ಕೊಡುವ ಮುಂಚೆ ಬಲ್ಬು ತೆಗೆಸಿ, ಸ್ವಿಚ್ ಆಫ್ ಮಾಡಿಸಿ, ಹೋಲ್ಡರಿನ ಎರಡು ಕಡ್ಡಿಗೂ ನಿಮ್ಮ ಎದುರೇ ಟೆಸ್ಟರ್ ಹಿಡಿಸಿ. ಮೆಟ್ಟಿಲ ದೀಪ ಆರುವುದು ಎರಡು ಥರ. ಮೆಟ್ಟಿಲ ಕೆಳಗಿನ ಸ್ವಿಚ್ಚನ್ನು ಮೇಲಕ್ಕೆ, ಮೆಟ್ಟಿಲ ಮೇಲಿನದನ್ನು ಕೆಳಕ್ಕೆ ಒತ್ತಿದ್ದಾಗ ಒಮ್ಮೆ ನೋಡಿ. ಎರಡನ್ನೂ ಒತ್ತಿ ಅದಲು ಬದಲು ಮಾಡಿ ಇನ್ನೊಮ್ಮೆ ನೋಡಿ. ತಂತಿ ಕೊಟ್ಟ ರೀತಿ ಬೇರೆ ಇದ್ದರೆ ಎರಡೂ ಒಂದೇ ಕಡೆ ಇದ್ದಾಗ ಆರಬಹುದು, ಆಗ ಆ ಎರಡು ಸ್ಥಿತಿಯಲ್ಲಿ ನೋಡಿ. ಎರಡರಲ್ಲೂ ಟೆಸ್ಟರ್ ಉರಿಯಬಾರದು.